ಚಿಕಿತ್ಸಾಪರೀಕ್ಷೆಯ ಧರ್ಮಸಂಕಟ

ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲೆಂಬುದು ನಿಶ್ಚಯವಾಗದಿರುವಾಗ ರೋಗಿಗಳನ್ನು ಎರಡು ಪಂಗಡಗಳಾಗಿ ಹಂಚಿ ಫಲವನ್ನು ಹೋಲಿಸುವುದು ವೈದ್ಯಶಾಸ್ತ್ರದ ಪ್ರಸಿದ್ಧಕ್ರಮ. ಬ್ರಿಟನ್ನಿನಲ್ಲಿ ನಡೆದು 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯಿಂದ ಈ ಕ್ರಮಕ್ಕೆ ಪ್ರತಿಷ್ಠೆ ದೊರೆಯಿತು. ಆದರೆ ಪರೀಕ್ಷೆಯ ನಡುವೆಯೇ ಒಂದು ಚಿಕಿತ್ಸೆಯ ಮೇಲ್ಮೆ ಸೂಚಿತವಾದರೆ, ಮುಂದೆ ಬರುವ ರೋಗಿಗಳಲ್ಲಿ ಅರ್ಧಭಾಗವನ್ನು ಮತ್ತೊಂದಕ್ಕೆ ಒಪ್ಪಿಸುವುದು ನ್ಯಾಯವೆ?

ಈ ಪ್ರಶ್ನೆಯನ್ನು ಗಣಿತದ ಒರೆಗೆ ಹಚ್ಚಿದವರಲ್ಲಿ ಮೊದಲಿಗನು ಅಮೆರಿಕದ ಥಾಂಪ್ಸನ್. ಒಂದು ಚಿಕಿತ್ಸೆಯು ಮೇಲಾಗಿರುವ ಸಂಭವವೆಷ್ಟೋ ಅದಕ್ಕೆ ಅನುಗುಣವಾಗಿಯೇ ರೋಗಿಗಳು ಅದರ ಪಾಲಿಗೆ ಬರಬೇಕೆಂದು ಆತನು 1933ರಲ್ಲಿ ಸೂಚಿಸಿದನು. 1969ರಲ್ಲಿ ಜೆಲೆನ್ ಎಂಬವನು, ಗೆದ್ದ ಚಿಕಿತ್ಸೆಯನ್ನು ಮುಂದುವರಿಸಿ ಸೋತುದನ್ನು ಬದಲಿಸುವ ನಿಯಮವನ್ನು ಹೇಳಿದನು. 1978ರಲ್ಲಿ ವೇ ಮತ್ತು ಡರ್ಹಮ್ ಎಂಬವರು ಇದಕ್ಕೆ ಅದೃಷ್ಟದ ಅಂಶವನ್ನು ಕೂಡಿಸಿದರು. ಕುಡಿಕೆಯೊಂದರಲ್ಲಿ ಎರಡು ಬಣ್ಣದ ಗೋಲಿಗಳಿರುವುವು. ಕೈಗೆ ಬಂದ ಬಣ್ಣದ ಚಿಕಿತ್ಸೆಯೇ ರೋಗಿಗೆ. ಗುಣವಾದರೆ ಅದೇ ಬಣ್ಣದ, ಇಲ್ಲವಾದರೆ ಇನ್ನೊಂದು ಬಣ್ಣದ ಗೋಲಿಯೊಂದನ್ನು ಕುಡಿಕೆಗೆ ಸೇರಿಸತಕ್ಕದ್ದು.

ಈ ನಿಯಮದ ಅಗ್ನಿಪರೀಕ್ಷೆಯು ಮಿಷಿಗನ್ನಿನಲ್ಲಿ ನಡೆದು 1985ರಲ್ಲಿ ಪ್ರಕಟವಾಯಿತು. ಶ್ವಾಸಕೋಶವು ಕೆಲಸಮಾಡದ ನವಜಾತ ಶಿಶುಗಳ ರಕ್ತವನ್ನು ಹೊರಗೆ ತಂದು, ಯಂತ್ರದಿಂದ ಆಮ್ಲಜನಕವನ್ನು ಕೂಡಿಸಿ ಮರಳಿಸುವ ಹೊಸ ಚಿಕಿತ್ಸೆ ಅದು. ಮೊದಲನೆಯ ಶಿಶುವಿಗೆ ಯಂತ್ರವು ದೊರೆಯಿತು, ಬದುಕಿತು. ಎರಡನೆಯದಕ್ಕೆ ಹಳೆಯ ಚಿಕಿತ್ಸೆ, ತೀರಿಕೊಂಡಿತು. ಗೋಲಿಗಳು ಯಂತ್ರದ ಕಡೆಗೇ ವಾಲಿದುವು. ಕೊನೆಗೆ ಯಂತ್ರವನ್ನು ಪಡೆದ 11 ಶಿಶುಗಳೂ ಉಳಿದುವು.

ಕರುಣೆಗೆ ಇದು ಜಯ, ಪ್ರಮಾಣಕ್ಕೆ ಕೊರತೆ. ಒಂದೇ ಶಿಶುವಿನ ಮರಣವನ್ನು ನೆಚ್ಚಿ ಹಳೆಯ ಚಿಕಿತ್ಸೆಯನ್ನು ಹೇಗೆ ತಳ್ಳಿಹಾಕುವುದು? ಆ ಶಿಶುವಿನ ರೋಗವೇ ಹೆಚ್ಚು ತೀವ್ರವಾಗಿದ್ದಿರಬಹುದಲ್ಲವೆ? ಪಂಡಿತರಲ್ಲಿ ವಾದವೆದ್ದಿತು. 1989ರಲ್ಲಿ ಪ್ರಕಟವಾದ ಬಾಸ್ಟನ್ನಿನ ಪರೀಕ್ಷೆಯಲ್ಲಿ, ಒಂದು ಪಕ್ಷದಲ್ಲಿ 4 ಮರಣಗಳಾದೊಡನೆ ಹಂಚಿಕೆಯನ್ನು ನಿಲ್ಲಿಸುವುದೆಂದು ಕಟ್ಟುಮಾಡಿದರು. ಹಳೆಯ ಕ್ರಮದ 10 ಶಿಶುಗಳಲ್ಲಿ 4 ತೀರಿಕೊಂಡುವು. ಯಂತ್ರದ 9 ಬದುಕಿದುವು. ಆದರೂ ಸಂಶಯವು ಅಳಿಯಲಿಲ್ಲ. ಬ್ರಿಟನ್ನಿನಲ್ಲಿ 185 ಶಿಶುಗಳನ್ನು ಎರಡು ಪಾಲುಮಾಡಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲವಿದು: ಯಂತ್ರದ ಪಾಲಿನ 93ರಲ್ಲಿ 30, ಹಳೆಯ ಕ್ರಮದ 92ರಲ್ಲಿ 54 ಮರಣಗಳು.

ಹೀಗೆ, ಕೆಲವು ಶಿಶುಗಳನ್ನು ಉಳಿಸಲು ಹೂಡಿದ ಉಪಾಯವು ನಿಸ್ಸಂದೇಹವಾದ ಜ್ಞಾನವನ್ನು ಕೊಡಲಾರದೆ ಹೋದುದರಿಂದ, ಆ ಜ್ಞಾನದ ಬೆಲೆಯನ್ನು ಬೇರೆ ಶಿಶುಗಳು ತೆರಬೇಕಾಯಿತು. ಎದುರಿಗಿರುವ ರೋಗಿ, ಮುಂದೆ ಬರಲಿರುವ ರೋಗಿ, ಇಬ್ಬರಿಗೂ ವೈದ್ಯನು ಋಣಿ. ಗಣಿತವು ಆ ಎರಡು ಋಣಗಳನ್ನು ತೂಗಿ ತೋರಿಸಬಲ್ಲುದು. ತೀರಿಸುವ ಹೊಣೆ ಮನುಷ್ಯನದೇ.