ಹರಿದ ಸ್ಪೀಕರಿನಿಂದ ಹುಟ್ಟಿದ ನಾದ

ಲೆಡ್ ಝೆಪೆಲಿನ್ ತಂಡದ ಎರಡನೇ ಆಲ್ಬಂನ ಹಳೆಯ ಅಮೆರಿಕನ್ ಎಲ್‌ಪಿ ಕೈಗೆ ಸಿಕ್ಕರೆ ಸಂಗ್ರಾಹಕರು ಮೊದಲು ಹೊದಿಕೆಯ ಚಿತ್ರ ನೋಡುವುದಿಲ್ಲ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಹಾಡಿನ ಗೆರೆಗಳು ಮುಗಿದ ಮೇಲೆ ಲೇಬಲ್‌ಗಿಂತ ಮುಂಚೆ ಇರುವ ನುಣುಪು ಪಟ್ಟಿಯಲ್ಲಿ ‘ಆರ್‌ಎಲ್’ ಎಂದು ಗೀಚಿದೆಯೇ ಎಂದು ಹುಡುಕುತ್ತಾರೆ. ಅದು ರಾಬರ್ಟ್ ಲಡ್ವಿಗ್ ಎಂಬ ಮಾಸ್ಟರಿಂಗ್ ಎಂಜಿನಿಯರ್‌ನ ಗುರುತು. 1969ರಲ್ಲಿ ಆತ ಈ ಆಲ್ಬಂ ಅನ್ನು ಎಷ್ಟು ಜೋರಾಗಿ ಕೆತ್ತಿದ್ದನೆಂದರೆ, ಅಗ್ಗದ ಪ್ಲೇಯರ್‌ಗಳಲ್ಲಿ ಮುಳ್ಳು ಗೆರೆ ಬಿಟ್ಟು ಹಾರುತ್ತಿತ್ತು. ಅಟ್ಲಾಂಟಿಕ್ ಕಂಪನಿಯ ಮುಖ್ಯಸ್ಥ ಅಹ್ಮತ್ ಎರ್ಟೆಗುನ್‌ನ ಮಗಳ ಪ್ಲೇಯರ್‌ನಲ್ಲೇ ಹಾಗಾಯಿತೆಂದು ಲಡ್ವಿಗ್ ಹೇಳಿಕೊಂಡಿದ್ದಾನೆ. ಕಂಪನಿ ಆ ಅಚ್ಚನ್ನು ನಿಲ್ಲಿಸಿ, ಜೋರು ತಗ್ಗಿಸಿದ ಇನ್ನೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಅಂದು ದೋಷವೆನಿಸಿದ ತಟ್ಟೆಗೆ ಇಂದು ನೂರಾರು ಡಾಲರ್ ಬೆಲೆ.

ಗಿಟಾರ್ ವಾದಕರಲ್ಲಿ ಝೆಪೆಲಿನ್‌ನ ಜಿಮ್ಮಿ ಪೇಜ್ ದೊಡ್ಡವನೋ ಜೆಫ್ ಬೆಕ್ ದೊಡ್ಡವನೋ, ಪಿಂಕ್ ಫ್ಲಾಯ್ಡ್ ಮೇಲೋ ಝೆಪೆಲಿನ್ ಮೇಲೋ ಎಂದು ಆಡಿಯೊ ಹುಚ್ಚಿನವರು ಕಿತ್ತಾಡುವುದನ್ನು ಹೊರಗಿನವರು ಕೇಳಿದರೆ ಬರೀ ಅಭಿಮಾನಿಗಳ ಜಗಳ ಎನ್ನಿಸಬಹುದು. ಒಳಹೊಕ್ಕರೆ ಅದು ನಾದದ ಲೆಕ್ಕಾಚಾರ: ಬೆರಳಿನ ಪಾಲೆಷ್ಟು, ಆಂಪ್ಲಿಫೈಯರ್‌ನದೆಷ್ಟು, ರೆಕಾರ್ಡಿಂಗ್ ಕೋಣೆಯದೆಷ್ಟು, ಅಚ್ಚಿನದೆಷ್ಟು? ಈ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ರಾಕ್ ಗಿಟಾರಿನ ಚರಿತ್ರೆಯೇ ಕೆಟ್ಟುಹೋದ ಸದ್ದನ್ನು ಬಿಸಾಡದೆ ಇಟ್ಟುಕೊಂಡವರ ಚರಿತ್ರೆ ಆಗಿರುವುದರಿಂದ, ಅದು ಚುಕ್ತಾ ಆಗುವ ಹಾಗೂ ಕಾಣುವುದಿಲ್ಲ.

ಗಿಟಾರಿಗೆ ವಿದ್ಯುತ್ ಬಂದದ್ದು ಕೇಳಿಸಲೆಂದು, ಅಷ್ಟೇ. 1930ರ ದಶಕದ ನೃತ್ಯ ವಾದ್ಯವೃಂದಗಳಲ್ಲಿ ಕೊಂಬು ಕಹಳೆಗಳ ಎದುರು ಅದರ ದನಿ ಅಡಗಿಹೋಗುತ್ತಿತ್ತು. ಮೈಕಿಲ್ಲದ ಸಭೆಯಲ್ಲಿ ಕೊನೆಯ ಸಾಲಿನವರೆಗೂ ಕೇಳಲೆಂದು ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಬಿಗಿದದ್ದೂ ಇದೇ ಕಷ್ಟಕ್ಕೆ. ಅಮೆರಿಕದಲ್ಲಿ ರಿಕನ್‌ಬ್ಯಾಕರ್ ಕಂಪನಿ ತಂತಿಯ ಬಳಿ ಪಿಕಪ್ ಎಂಬ ಅಯಸ್ಕಾಂತ ಇಟ್ಟಿತು. 1950ರಲ್ಲಿ ಲಿಯೋ ಫೆಂಡರ್ ಘನ ಮರದ ಗಿಟಾರನ್ನು ಮಾರುಕಟ್ಟೆಗೆ ತಂದ. ಮುಂದೆ ಅದಕ್ಕೆ ಟೆಲಿಕಾಸ್ಟರ್ ಎಂಬ ಹೆಸರು ನಿಂತಿತು. 1952ರಲ್ಲಿ ಗಿಬ್ಸನ್‌ನವರ ಲೆಸ್ ಪಾಲ್, 1954ರಲ್ಲಿ ಮತ್ತೆ ಫೆಂಡರ್‌ನ ಸ್ಟ್ರಾಟೊಕಾಸ್ಟರ್. ಫೆಂಡರ್ ಮೂಲತಃ ರೇಡಿಯೊ ರಿಪೇರಿಯವನು, ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಗಂಟೆಯಂಥ ಶುದ್ಧ ಸ್ವರ.

ಹುಡುಗರು ಅದನ್ನು ಕೆಡಿಸಿದರು. 1958ರಲ್ಲಿ ಲಿಂಕ್ ರೇ ತನ್ನ ಆಂಪ್ಲಿಫೈಯರ್ ಸ್ಪೀಕರಿನ ಕಾಗದಕ್ಕೆ ಪೆನ್ಸಿಲಿನಿಂದ ತೂತು ಹೊಡೆದು ‘ರಂಬಲ್’ ನುಡಿಸಿದ. ಒಂದೇ ಒಂದು ಮಾತಿಲ್ಲದ ಆ ತುಣುಕನ್ನು ಕೆಲವು ರೇಡಿಯೊ ಕೇಂದ್ರಗಳು ನಿಷೇಧಿಸಿದವು! 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಬ್ಲೇಡಿನಿಂದ ಸ್ಪೀಕರ್ ಸೀಳಿದ. ಮರುವರ್ಷ ರೋಲಿಂಗ್ ಸ್ಟೋನ್ಸ್‌ನ ‘ಸ್ಯಾಟಿಸ್‌ಫ್ಯಾಕ್ಷನ್’ ಹೊತ್ತಿಗೆ ಹರಿಯುವ ತಾಪತ್ರಯವೂ ಉಳಿಯಲಿಲ್ಲ, ಆ ಗೊರಗೊರ ಸದ್ದು ಕಾಲಲ್ಲಿ ಒತ್ತುವ ಫಝ್ ಪೆಟ್ಟಿಗೆಯಾಗಿ ಅಂಗಡಿಯಲ್ಲೇ ಸಿಗುತ್ತಿತ್ತು. ಅದರಲ್ಲಿ ನುಡಿಸಿದ್ದನ್ನು ಕೀತ್ ರಿಚರ್ಡ್ಸ್ ಬರೀ ಕರಡು ಎಂದುಕೊಂಡಿದ್ದ. ಆ ಜಾಗದಲ್ಲಿ ಮುಂದೆ ಕಹಳೆ ಕೂರಿಸುವುದು ಅವನ ಯೋಚನೆ. ಕರಡೇ ಹಾಡಾಗಿ ಹೊರಬಂತು.

ಯಾರು ಶ್ರೇಷ್ಠ ಎಂಬ ಜಗಳ ಕಾವೇರಿದ್ದು 1966ರ ಲಂಡನ್‌ನಲ್ಲಿ. ಜಾನ್ ಮೇಯಾಲ್‌ನ ಬ್ಲೂಸ್ ತಂಡದ ಆಲ್ಬಂಗೆ ನುಡಿಸಲು ಬಂದ ಎರಿಕ್ ಕ್ಲಾಪ್ಟನ್, ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಆಂಪ್ಲಿಫೈಯರ್‌ಗೆ ಸಿಕ್ಕಿಸಿ, ವೇದಿಕೆಯ ಮೇಲಿನಷ್ಟೇ ಜೋರು ಬೇಕೆಂದು ಸ್ಟುಡಿಯೊದಲ್ಲಿ ಹಟ ಹಿಡಿದ. ಲಂಡನ್ನಿನ ಗೋಡೆಯ ಮೇಲೆ ‘ಕ್ಲಾಪ್ಟನ್ನೇ ದೇವರು’ ಎಂಬ ಬರಹ ಕಾಣಿಸಿಕೊಂಡದ್ದು ಆ ದಿನಗಳಲ್ಲೇ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ಅಮೆರಿಕದಿಂದ ಬಂದಿಳಿದ. ಎಡಗೈಯವನಾದ ಆತ ಬಲಗೈಯವರ ಸ್ಟ್ರಾಟೊಕಾಸ್ಟರನ್ನು ತಿರುಗಿಸಿ ಹಿಡಿದು ತಂತಿಗಳನ್ನು ಅದಲುಬದಲು ಮಾಡುತ್ತಿದ್ದ. ಇದರಿಂದ ಓರೆಯಾಗಿ ಕೂತಿದ್ದ ಪಿಕಪ್ಪೂ ತಿರುವುಮುರುವಾಗಿ, ದಪ್ಪ ತಂತಿಗಳಿಗೆ ಹೆಚ್ಚು ಹೊಳಪೂ ಸಣ್ಣ ತಂತಿಗಳಿಗೆ ಕೊಂಚ ಮೃದುತ್ವವೂ ಬಂತು. ಅವನ ನಾದವನ್ನು ಹುಡುಕಿ ಹೊರಟವರಲ್ಲಿ ಕೆಲವರು ಬಲಗೈಯವರಾಗಿದ್ದೂ ತಿರುವುಮುರುವು ಗಿಟಾರನ್ನೇ ಕೊಳ್ಳುತ್ತಾರೆ. 1970ರ ಸೆಪ್ಟೆಂಬರ್ 18ರಂದು ತೀರಿಕೊಂಡಾಗ ಹೆಂಡ್ರಿಕ್ಸ್‌ಗೆ 27 ವರ್ಷ.

ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿಯ ಕತೆ ಇನ್ನೂ ವಿಚಿತ್ರ. ಬರ್ಮಿಂಗ್‌ಹ್ಯಾಮ್‌ನ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳ ತುದಿ ಹೋದವು. ಎಡಚನಾದ ಅವನಿಗೆ ತಂತಿ ಒತ್ತುವ ಕೈಯೇ ಅದು. ಬೆಂಕಿಯಲ್ಲಿ ಕೈ ಸುಟ್ಟು, ಎರಡೇ ಬೆರಳಲ್ಲಿ ಮನೋಧರ್ಮ ನುಡಿಸುತ್ತಿದ್ದ ಜಾಝ್ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್‌ನ ರೆಕಾರ್ಡನ್ನು ಕಾರ್ಖಾನೆಯ ಮೇಲ್ವಿಚಾರಕ ತಂದು ಕೇಳಿಸಿದ. ಅಯೋಮಿ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ಅದಕ್ಕೆ ಚರ್ಮದ ಚೂರು ಅಂಟಿಸಿದ. ಗಟ್ಟಿಯಾಗಿ ಒತ್ತಲಾಗದ ಕಾರಣ ತೆಳು ತಂತಿ ಹಾಕಿದ. 1971ರ ಹೊತ್ತಿಗೆ ಶ್ರುತಿಯನ್ನೂ ಕೆಳಗಿಳಿಸಿದ. ಬ್ಲ್ಯಾಕ್ ಸಬ್ಬತ್‌ನ ಆ ತಗ್ಗಿದ, ಭಾರವಾದ ನಾದದಿಂದಲೇ ಹೆವಿ ಮೆಟಲ್ ಎಂಬ ಇಡೀ ಬಾನಿ ಬೆಳೆಯಿತು.

ಎಪ್ಪತ್ತರ ದಶಕದಲ್ಲಿ ಸ್ಟುಡಿಯೊವೇ ವಾದ್ಯವಾಯಿತು. ಝೆಪೆಲಿನ್‌ನವರು ಹೆಡ್ಲಿ ಗ್ರೇಂಜ್ ಎಂಬ ಹಳ್ಳಿಮನೆಯ ಮೆಟ್ಟಿಲ ಬುಡದಲ್ಲಿ ಡ್ರಮ್ ಇಟ್ಟು, ಮೇಲಿನ ಮಹಡಿಯಿಂದ ಮೈಕು ಇಳಿಬಿಟ್ಟು ಜಾನ್ ಬಾನಮ್‌ನ ಪೆಟ್ಟನ್ನು ಹಿಡಿದರು. ಪಿಂಕ್ ಫ್ಲಾಯ್ಡ್‌ನ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ 1988ರ ವರೆಗೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 741 ವಾರ ಇತ್ತು. ಹೊಸ ಸ್ಪೀಕರ್ ಕೊಂಡವರೆಲ್ಲ ಅದರ ಗಡಿಯಾರಗಳ ಗದ್ದಲವನ್ನು ಒಮ್ಮೆ ಹಾಕಿ ನೋಡಿದವರೇ. ಡೈರ್ ಸ್ಟ್ರೇಟ್ಸ್‌ನ ‘ಬ್ರದರ್ಸ್ ಇನ್ ಆರ್ಮ್ಸ್’ ಡಿಜಿಟಲ್ ಟೇಪಿನಲ್ಲಿ ದಾಖಲಾಗಿ 1985ರಲ್ಲಿ ಬಂತು, ಹತ್ತು ಲಕ್ಷ ಸಿಡಿ ಮಾರಾಟವಾದ ಮೊದಲ ಆಲ್ಬಂ ಎನಿಸಿಕೊಂಡಿತು.

ಆಡಿಯೊಪ್ರಿಯರ ರುಚಿ ಕವಲೊಡೆದದ್ದು ಇಲ್ಲೇ. ಇವತ್ತಿಗೂ ದುಬಾರಿ ಉಪಕರಣಗಳ ಮಳಿಗೆಗೆ ಹೋದರೆ ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ದ 1994ರ ಸಜೀವ ಆವೃತ್ತಿಯನ್ನೋ ಡೈರ್ ಸ್ಟ್ರೇಟ್ಸ್‌ನ ಮಾರ್ಕ್ ನಾಫ್ಲರ್‌ನ ನಯವಾದ ಮೀಟನ್ನೋ ಹಾಕಿ ತೋರಿಸುತ್ತಾರೆ. ಕಿಂಕ್ಸ್‌ನ ಸೀಳಿದ ಸ್ಪೀಕರನ್ನು ಹಾಕಿ ತೋರಿಸುವ ಅಂಗಡಿಯವರು ಅಪರೂಪ. ಹಾಗೆ ನೋಡಿದರೆ ಉಪಕರಣಕ್ಕೆ ಕಷ್ಟದ ಪರೀಕ್ಷೆ ಎರಡನೆಯದೇ: ಬೇಕೆಂದೇ ಕೆಡಿಸಿದ ಸದ್ದನ್ನು ಮತ್ತಷ್ಟು ಕೆಡಿಸದೆ ದಾಟಿಸಬೇಕು.

ಬೆಂಗಳೂರಿನವರಿಗೆ ಈ ವಾದ ಬರೀ ರೆಕಾರ್ಡ್ ಕೇಳಿ ಹುಟ್ಟಿದ್ದಲ್ಲ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ನಾಫ್ಲರ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಈ ಊರಲ್ಲಿ ನುಡಿಸಿಹೋಗಿದ್ದಾರೆ.

ಮೆಟಾಲಿಕಾ ಅಂದಾಗ ‘ಡೆತ್ ಮ್ಯಾಗ್ನೆಟಿಕ್’ ರಗಳೆಯನ್ನು ಹೇಳಲೇಬೇಕು. 2008ರ ಈ ಆಲ್ಬಂ ಸಿಡಿಯಲ್ಲಿ ಏರಿಳಿತವೇ ಇಲ್ಲದಂತೆ ಜೋರಾಗಿತ್ತು. ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೊ ಆಟದಲ್ಲಿ ಇದಕ್ಕಿಂತ ಚೆನ್ನಾಗಿ ಕೇಳುತ್ತಿದ್ದವು. ಸಿಟ್ಟಾದ ಅಭಿಮಾನಿಗಳು ಮರುಮಿಶ್ರಣಕ್ಕೆ ಒತ್ತಾಯಿಸಿ ಸಾವಿರಗಟ್ಟಲೆ ಸಹಿ ಹಾಕಿದರು. ಇಂಥ ಸದ್ದಿನಿಂದ ಬೇಸತ್ತವರು ವಿನೈಲ್ ತಟ್ಟೆಗೆ ಮರಳಿದರು. ಅಲ್ಲಿ 2022ರಲ್ಲಿ ಇನ್ನೊಂದು ಬಾಂಬ್ ಸಿಡಿಯಿತು. ಅಪ್ಪಟ ಅನಲಾಗ್ ಎಂದು ರಸಿಕರು ನಂಬಿ ಕೊಂಡಿದ್ದ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಬಹಳಷ್ಟು ತಟ್ಟೆಗಳ ತಯಾರಿಯಲ್ಲಿ ವರ್ಷಗಳಿಂದ ಡಿಜಿಟಲ್ ಹಂತವೊಂದು ಇತ್ತೆಂದು ಬಯಲಾಯಿತು. ಮೊಕದ್ದಮೆ ನಡೆದು ರಾಜಿಯಾಯಿತು. ಅದಕ್ಕಿಂತ ಮುಜುಗರದ ಸಂಗತಿಯೆಂದರೆ, ಡಿಜಿಟಲ್ ಕೇಳಿದರೆ ಕಿವಿಯಲ್ಲೇ ಗೊತ್ತಾಗುತ್ತದೆ ಎನ್ನುತ್ತಿದ್ದವರೇ ಆ ತಟ್ಟೆಗಳನ್ನು ಅಷ್ಟೂ ವರ್ಷ ಹೊಗಳಿಕೊಂಡು ಬಂದಿದ್ದರು.

ಕೇಳುವವರ ಕಿವಿ ಬದಲಾದಂತೆ ಪಟ್ಟಿಗಳೂ ಬದಲಾಗುತ್ತವೆ. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಶ್ರೇಷ್ಠ ಗಿಟಾರ್ ವಾದಕರ ಪಟ್ಟಿಯಲ್ಲಿ 2003, 2011, 2023 ಮೂರೂ ಸಲ ಹೆಂಡ್ರಿಕ್ಸ್‌ನದೇ ಮೊದಲ ಸ್ಥಾನ. 2011ರಲ್ಲಿ ಎರಡನೆಯವನಾಗಿದ್ದ ಕ್ಲಾಪ್ಟನ್ 2023ಕ್ಕೆ 35ಕ್ಕೆ ಇಳಿದ. ಹಿಂದಿನ ಎರಡು ಪಟ್ಟಿಗಳಲ್ಲಿ ಹೆಸರೇ ಇರದಿದ್ದ ಸಿಸ್ಟರ್ ರೊಸೆಟಾ ಥಾರ್ಪ್ ಒಮ್ಮೆಲೇ ಆರನೆಯವಳಾದಳು. ಚರ್ಚಿನ ಗಾಸ್ಪೆಲ್ ಹಾಡುಗಳಿಗೆ ಎಲೆಕ್ಟ್ರಿಕ್ ಗಿಟಾರ್ ಬೆರೆಸಿದ ಈ ಕಪ್ಪು ಅಮೆರಿಕನ್ ಹೆಂಗಸು 1964ರಲ್ಲಿ ಮ್ಯಾಂಚೆಸ್ಟರ್‌ನ ಹಾಳುಬಿದ್ದ ರೈಲು ನಿಲ್ದಾಣವೊಂದರಲ್ಲಿ, ಮಳೆಯ ನಡುವೆ, ಟಿವಿಗಾಗಿ ನುಡಿಸಿದ್ದಳು. ಕೇಳುಗರು ಹಳಿಯ ಆಚೆಯ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದರು. ಆ ಚಿತ್ರೀಕರಣ ಉಳಿದಿದೆ. ಪೇಜ್, ಬೆಕ್ ಎಂದು ವಾದಕ್ಕೆ ಕೂರುವ ಮೊದಲು ಅದನ್ನೊಮ್ಮೆ ನೋಡಿ. ಮೊಬೈಲಿನ ಸ್ಪೀಕರೇ ಸಾಕು.