ಪಕ್ಕದ ಖಾಲಿ ಜಾಗ: ಡಿಸ್ಕಿನ ಹಿಸ್ಸೆ, ಹೊಲದ ಹಿಸ್ಸೆ

ಮೊನ್ನೆ ನಂಜನಗೂಡಿಗೆ ಹೋಗಿದ್ದೆ. ಅಲ್ಲಿ ನನ್ನ ಹೈಸ್ಕೂಲ್ ಗೆಳೆಯನದೊಂದು ಪುಟ್ಟ ಪ್ರಿಂಟಿಂಗ್ ಪ್ರೆಸ್ಸಿದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ದೊಡ್ಡ ಜಾತ್ರೆ ಬಂದರೆ ಕರಪತ್ರ... ಇಷ್ಟು ವರ್ಷದ ಫೈಲುಗಳೆಲ್ಲಾ ಒಂದೇ ಹಳೇ ಲಿನಕ್ಸ್ ಸರ್ವರಿನಲ್ಲಿ. ಅದರ ಡಿಸ್ಕು ನೂರಕ್ಕೆ ನೂರು ತುಂಬಿ ಕೂತಿತ್ತು. ತಮಾಷೆ ಏನಪ್ಪಾ ಅಂದ್ರೆ, ಯಾರೋ ಪುಣ್ಯಾತ್ಮರು 250 ಜಿಬಿ ಡಿಸ್ಕನ್ನು ಇದ್ದದ್ದು ಇದ್ದ ಹಾಗೇ 500 ಜಿಬಿ ಡಿಸ್ಕಿಗೆ ನಕಲು ಮಾಡಿಕೊಟ್ಟು ಹೋಗಿದ್ದರು. ಡಿಸ್ಕು ಹೊಸದಾಯ್ತು, ಗೋಳು ಹಾಗೇ ಉಳೀತು.

"ಅರ್ಧಕ್ಕರ್ಧ ಖಾಲಿ ಅದಲ್ಲಾ ಕಣೋ, ಯಾಕೆ ತಕ್ಕೊಳ್ಳಲ್ಲ ಇದು?" ಅಂದ.

"ಖಾಲಿ ಇದೆ. ಆದ್ರೆ ಅದು ಯಾರ ಹೆಸರಲ್ಲೂ ಇಲ್ಲ."

"ಖರಾಬು ಅನ್ನು ಹಂಗಾದ್ರೆ!" ಅಂತ ನಕ್ಕ.

ಹೋಲಿಕೆ ಪೂರ್ತಿ ಸರಿಯಿಲ್ಲ. ಖರಾಬು ಜಮೀನು ಸರ್ವೆ ನಂಬರಿನ ಒಳಗೇ ಇರುತ್ತೆ, ಪಹಣಿಯಲ್ಲಿ ಅದಕ್ಕೂ ಒಂದು ಲೆಕ್ಕ ಇದೆ. ಡಿಸ್ಕಿನ ಹಂಚಿಕೆಯಾಗದ ಜಾಗಕ್ಕೆ ಅದೂ ಇಲ್ಲ. ಆದರೂ ಆ ಮಾತು ತಲೆಯಲ್ಲಿ ಕೂತುಬಿಡ್ತು. ನಮ್ಮೂರು ಟಿ. ನರಸೀಪುರದ ಬಸ್ಸು ಹತ್ತಿದ ಮೇಲೂ ಅದನ್ನೇ ಯೋಚಿಸ್ತಾ ಇದ್ದೆ. ಈ ಹಿಸ್ಸೆ ಮಾಡುವ ಚಾಳಿ ಕಂಪ್ಯೂಟರಿಗೆ ಬಂದದ್ದಾದರೂ ಹೇಗೆ?

1983ರಲ್ಲಿ ಐಬಿಎಂ ಕಂಪನಿ ಪಿಸಿ ಎಕ್ಸ್‌ಟಿ ಅನ್ನೋ ಯಂತ್ರ ಬಿಟ್ಟಿತು. ಅದರಲ್ಲಿ 10 ಎಂಬಿಯ ಹಾರ್ಡ್ ಡಿಸ್ಕ್. ಹೌದು, ಹತ್ತೇ ಎಂಬಿ! ಈಗಿನ ಮೊಬೈಲಿನ ಎರಡು ಮೂರು ಫೋಟೋ ಹಿಡಿಸಿದರೆ ಹೆಚ್ಚು. ಅಷ್ಟರಲ್ಲೇ ಒಂದಕ್ಕಿಂತ ಹೆಚ್ಚು ಆಪರೇಟಿಂಗ್ ಸಿಸ್ಟಂ ಸಂಸಾರ ಮಾಡಬೇಕಾಗಬಹುದು ಅಂತ ಪಿಸಿ ಡಾಸ್ 2.0 ಜೊತೆಗೆ ಎಫ್‌ಡಿಸ್ಕ್ ಅನ್ನೋ ತಂತ್ರಾಂಶ ಬಂತು. ಡಿಸ್ಕಿನ ಮೊಟ್ಟಮೊದಲ 512 ಬೈಟುಗಳಲ್ಲಿ ಒಂದು ಪುಟ್ಟ ಕೋಷ್ಟಕ. ತಲಾ 16 ಬೈಟಿನ ನಾಲ್ಕೇ ಸಾಲು. ಇಂಥ ಹಿಸ್ಸೆ ಎಲ್ಲಿ ಶುರು, ಎಷ್ಟು ಉದ್ದ. ಅಷ್ಟೇ ದಾಖಲೆ.

ನಮ್ಮ ಕಡೆ ಈ ಕೆಲಸ ಅದಕ್ಕೂ 120 ವರ್ಷ ಮೊದಲೇ ಶುರುವಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಆರಂಭವಾದದ್ದು 1863ರಲ್ಲಿ. ಹೊಲ ಅಳೆದು, ಗಡಿಕಲ್ಲು ನೆಟ್ಟು, ನಂಬರು ಕೊಟ್ಟರು. ಅಣ್ಣತಮ್ಮಂದಿರು ಭಾಗವಾದಾಗ ಒಂದು ನಂಬರಿನ ಒಳಗೇ ಹಿಸ್ಸೆಗಳು ಹುಟ್ಟಿದವು. ಡಿಸ್ಕಿನಲ್ಲೂ ಹಾಗೇ ಆಯ್ತು ನೋಡಿ. ನಾಲ್ಕು ಸಾಲು ಸಾಲದಾದಾಗ, 1987ರ ಡಾಸ್ 3.3ರಲ್ಲಿ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಬಂತು. ಅಂದರೆ ಒಂದು ಹಿಸ್ಸೆಯ ಹೊಟ್ಟೆಯೊಳಗೆ ಮರಿಹಿಸ್ಸೆಗಳು.

ಎರಡರಲ್ಲೂ ಇನ್ನೊಂದು ಸಾಮ್ಯ ಇದೆ. ಗಡಿ ಬೇರೆ, ದಾಖಲೆ ಬೇರೆ. ಭೂಮಿ ಯೋಜನೆ ನೆನಪಿದೆಯಲ್ಲ? 2000ದ ಆಚೀಚೆ ಶುರುವಾಗಿ, ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಕೆಲಸ ಅದು. ನಂಜನಗೂಡು, ನರಸೀಪುರದವರೂ ಹದಿನೈದು ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯಲ್ಲಿ ಪ್ರಿಂಟ್ ತಗೊಂಡರು. ಆದರೆ ಪಹಣಿ ಕಂಪ್ಯೂಟರಿಗೆ ಬಂದ ಮಾತ್ರಕ್ಕೆ ಹೊಲದಲ್ಲಿ ಪೋಡಿ ಆದಂತಲ್ಲ. ಒಂದೇ ಪಹಣಿಯಲ್ಲಿ ಐದಾರು ಹೆಸರು, ಯಾರ ಗಡಿ ಎಲ್ಲಿ ಅಂತ ಅಳತೆಯೇ ಇಲ್ಲ. ಇಂಥ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ.

ಡಿಸ್ಕಿನಲ್ಲಿ ಇದರ ತಿರುಗುಮುರುಗು ಆಗುತ್ತೆ. ಪಾರ್ಟಿಷನ್ನಿನ ಗಡಿ ಸರಿಸಿದರೂ ಒಳಗಿನ ಫೈಲ್ ಸಿಸ್ಟಂಗೆ ಆ ಸುದ್ದಿಯೇ ತಲುಪಿರೋದಿಲ್ಲ. ಅದಕ್ಕೆ ಬೇರೆಯಾಗಿ ಹೇಳಬೇಕು. ಹಾಗಾಗಿ ಯಾವತ್ತೂ ಎರಡು ಹೆಜ್ಜೆ: ಮೊದಲು ಗಡಿ, ಆಮೇಲೆ ಖಾತೆ.

ಮೂರನೇ ತೊಡಕು ಪಕ್ಕದವರದು. ಖಾಲಿ ಜಾಗ ನಮ್ಮ ಹಿಸ್ಸೆಗೆ ಅಂಟಿಕೊಂಡೇ, ಅದೂ ಕೊನೆಯ ಕಡೆಗೇ ಇರಬೇಕು. ಫೈಲ್ ಸಿಸ್ಟಂ ತನ್ನ ಲೆಕ್ಕವನ್ನೆಲ್ಲಾ ಹಿಸ್ಸೆಯ ಆರಂಭದಿಂದ ಎಣಿಸುತ್ತೆ. ಕೊನೆಯನ್ನು ಹಿಗ್ಗಿಸಿದರೆ ಲೆಕ್ಕ ಕೆಡೋದಿಲ್ಲ. ಆರಂಭವನ್ನು ಸರಿಸಬೇಕಾದರೆ ಒಳಗಿನ ಪ್ರತಿ ಬೈಟನ್ನೂ ಹೊತ್ತು ಸಾಗಿಸಬೇಕು.

ಇದನ್ನು ನಾನು ಕಲಿತದ್ದು 2007ರಲ್ಲಿ, ದುಬಾರಿ ಬೆಲೆ ಕೊಟ್ಟು. ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳ ನಾಲ್ಕು ಕ್ಯಾಸೆಟ್ಟುಗಳನ್ನು ಮನೆಯ 40 ಜಿಬಿ ಡಿಸ್ಕಿಗೆ ಇಳಿಸಿದ್ದೆ. ಅಷ್ಟರಲ್ಲಿ ಅಜ್ಜಿ ಹೋಗಿ ಎರಡು ವರ್ಷವಾಗಿತ್ತು. 'ಕಂಪ್ಯೂಟರಿಗೆ ಹಾಕಿಯಾಯ್ತಲ್ಲ' ಅಂತ ಕ್ಯಾಸೆಟ್ಟುಗಳನ್ನು ತಮ್ಮಂದಿರಿಗೆ ಕೊಟ್ಟೆ, ಅವರು ಅದರ ಮೇಲೆ ಸಿನಿಮಾ ಹಾಡು ತುಂಬಿಸಿಕೊಂಡರು. ಒಂದು ರಾತ್ರಿ ಸಿ ಡ್ರೈವಿಗೆ ಜಾಗ ಮಾಡಲು ಡಿ ಡ್ರೈವಿನ ಆರಂಭವನ್ನು ಸರಿಸಲು ಹೊರಟೆ. ಅರ್ಧ ದಾರಿಯಲ್ಲಿ ಕರೆಂಟು ಹೋಯ್ತು. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ! ತಪ್ಪು ಪೂರ್ತಿ ನನ್ನದೇ. ಬ್ಯಾಕಪ್ಪು ತೆಗೆದಿರಲಿಲ್ಲ. ಅಜ್ಜಿಯ ದನಿ ಅವತ್ತಿಗೆ ಮುಗೀತು.

ಈ ಪಕ್ಕದವರ ತಕರಾರಿಗೆ ದೊಡ್ಡ ಯಂತ್ರಗಳ ಲೋಕದಲ್ಲಿ ಮೊದಲೇ ಪರಿಹಾರ ಇತ್ತು. ಐಬಿಎಂನ ಎಐಎಕ್ಸ್, ಎಚ್‌ಪಿಯ ಯುನಿಕ್ಸ್‌ಗಳಲ್ಲಿ ಲಾಜಿಕಲ್ ವಾಲ್ಯೂಂ ಅನ್ನೋ ಏರ್ಪಾಡಿತ್ತು. 1998ರಲ್ಲಿ ಹೈನ್ಸ್ ಮೌಲ್ಸ್‌ಹಾಗನ್ ಅದೇ ಮಾದರಿಯಲ್ಲಿ ಲಿನಕ್ಸಿಗೆ ಎಲ್‌ವಿಎಂ ಬರೆದರು. ಇಲ್ಲಿ ಡಿಸ್ಕುಗಳನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಎಣಿಸಿ (ಸಾಮಾನ್ಯವಾಗಿ ತಲಾ 4 ಎಂಬಿ) ಒಂದೇ ರಾಶಿಗೆ ಹಾಕ್ತಾರೆ. ಬೇಕಾದ ಹಿಸ್ಸೆಗೆ ಬೇಕಾದಷ್ಟು ತುಂಡು. ಅವು ಅಕ್ಕಪಕ್ಕ ಇರಬೇಕು ಅಂತಿಲ್ಲ. ನಮ್ಮ ತಿರುಮಕೂಡಲಿನ ಸಂಗಮದ ಹಾಗೆ. ನಂಜನಗೂಡಿನಿಂದ ಬಂದ ಕಪಿಲೆ ಕಾವೇರಿಗೆ ಸೇರಿದ ಮೇಲೆ ಇದು ಯಾವ ನೀರು ಅಂತ ಕೇಳೋರುಂಟೆ? ಆದರೆ ಒಂದು ಎಚ್ಚರ: ಎರಡು ಡಿಸ್ಕು ಸೇರಿಸಿ ಒಂದೇ ಹಿಸ್ಸೆ ಮಾಡಿದರೆ, ಒಂದು ಕೆಟ್ಟರೂ ಇಡೀ ಹಿಸ್ಸೆಗೆ ಸಂಚಕಾರ.

ಗೆಳೆಯನ ಸರ್ವರಿನಲ್ಲಿ ಎಲ್‌ವಿಎಂ ಇರಲಿಲ್ಲ. ಮೊದಲು ಮುಖ್ಯ ಹಿಸ್ಸೆ, ಅದರ ಬೆನ್ನಿಗೆ ಎಕ್ಸ್‌ಟೆಂಡೆಡ್, ಅದರ ಹೊಟ್ಟೆಯಲ್ಲಿ ಸ್ವಾಪ್, ಆಮೇಲೆ 250 ಜಿಬಿ ಬಯಲು. ಪಕ್ಕದ ಮನೆಯವನು ಸ್ವಾಪ್! ಪುಣ್ಯಕ್ಕೆ ಅವನ ಮನೆಯಲ್ಲಿ ಕಾಯಂ ಸಾಮಾನು ಏನೂ ಇರೋದಿಲ್ಲ, ಎಬ್ಬಿಸಬಹುದು. ಹಳೇ ಡಿಸ್ಕು ಇನ್ನೂ ಇತ್ತು. ಅದಾದ ಮೇಲಿನ ಫೈಲುಗಳನ್ನೂ ಬೇರೆ ಕಡೆ ನಕಲು ಮಾಡಿ, ಎರಡನ್ನೂ ಬೀರುವಿನಲ್ಲಿ ಇಡಿಸಿದೆ. ಯುಎಸ್‌ಬಿಯಿಂದ ಬೂಟ್ ಮಾಡಿ, ಎಸ್‌ಎಫ್‌ಡಿಸ್ಕ್‌ನಿಂದ ಕೋಷ್ಟಕವನ್ನು ಪಠ್ಯವಾಗಿ ಇಳಿಸಿಕೊಂಡೆ.

ಆಗ ಕಂಡದ್ದು: ಹಿಸ್ಸೆ ಶುರುವಾಗೋದು 63ನೇ ಸೆಕ್ಟರಿನಿಂದ. ಹಳೇ ಡಾಸ್ ಕಾಲದ ಪದ್ಧತಿ. 2010ರ ಆಸುಪಾಸಿನಲ್ಲಿ 4096 ಬೈಟಿನ ಸೆಕ್ಟರ್ ಇರುವ ಡಿಸ್ಕುಗಳು ಬಂದ ಮೇಲೆ 2048ರಿಂದ ಶುರು ಮಾಡೋದು ರೂಢಿಯಾಯ್ತು. ಈಗಿನ ಎಫ್‌ಡಿಸ್ಕ್ ಕೂಡ ತಾನಾಗಿ 2048 ಅನ್ನುತ್ತೆ. ಹಳೇ ಹಿಸ್ಸೆ ಅಳಿಸಿ ಸುಮ್ಮನೆ ಎಂಟರ್ ಒತ್ತಿದ್ದರೆ ಒಂದು ಎಂಬಿಗೂ ಕಡಿಮೆ ವ್ಯತ್ಯಾಸ, ಆದರೆ ಒಳಗಿನದ್ದು ಒಂದೂ ಕಾಣ್ತಿರಲಿಲ್ಲ. ನಮ್ಮೂರ ಗುಂಜಾ ನರಸಿಂಹಸ್ವಾಮಿ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಪ್ರತೀತಿ. ಗುಲಗಂಜಿಯ ತೂಕ ಅವತ್ತು ಗೊತ್ತಾಯ್ತು :)

63ನ್ನು ಮುಟ್ಟದೆ ಗಾತ್ರ ಮಾತ್ರ ಹೆಚ್ಚಿಸಿ, ಸ್ವಾಪ್ ಮತ್ತು ಎಕ್ಸ್‌ಟೆಂಡೆಡ್ ಸಾಲು ತೆಗೆದು, ಕೋಷ್ಟಕ ವಾಪಸ್ ಬರೆದೆ. ಆಮೇಲೆ ಇ2ಎಫ್‌ಎಸ್‌ಸಿಕೆಯಿಂದ ತಪಾಸಣೆ, ರೀಸೈಜ್2ಎಫ್‌ಎಸ್‌ನಿಂದ ವಿಸ್ತರಣೆ. ಸ್ವಾಪಿಗೆ ಹಿಸ್ಸೆಯೊಳಗೇ ಒಂದು ಫೈಲು ಮಾಡಿ, ಎಫ್‌ಎಸ್‌ಟ್ಯಾಬಿನಲ್ಲಿ ಹಳೇ ವಿಳಾಸ ತಿದ್ದಿದೆ. ಅರ್ಧ ಗಂಟೆಯ ಕೆಲಸ. ಬ್ಯಾಕಪ್ಪಿಗೆ ಮಾತ್ರ ಇಡೀ ಮಧ್ಯಾಹ್ನ ಹೋಯ್ತು. "ಇಷ್ಟಕ್ಕೆ ಅಷ್ಟೊತ್ತು ಯಾಕೋ?" ಅಂತ ಗೆಳೆಯ ಎರಡು ಸಲ ಕೇಳಿದ. ಅಜ್ಜಿಯ ಕಥೆ ಅವನಿಗೆ ಹೇಳಲಿಲ್ಲ.

ನಿಮಗೆ ಹೇಳಿದ್ದೀನಿ. ಇವತ್ತು ರಾತ್ರಿ ಮಲಗೋ ಮುಂಚೆ ನಿಮ್ಮ ಬ್ಲಾಗಿನದೊಂದು ಪ್ರತಿ ತೆಗೆದಿಡಿ. ಮನೆಯಲ್ಲಿ ಹಳೇ ಕ್ಯಾಸೆಟ್ಟುಗಳಿದ್ದರೆ, ಕಂಪ್ಯೂಟರಿಗೆ ಇಳಿಸಿದ ಮೇಲೂ ಯಾರಿಗೂ ಕೊಡಬೇಡಿ.