ಬಿಡಿ ಫೋಟೊಗಳನ್ನು ಬೆಸೆಯುವ ಕಲೆ

ವಿಶಾಲವಾದ ದೃಶ್ಯ ಪೂರ್ತಿ ಬೇಕು, ಅದರ ಸಣ್ಣ ವಿವರವೂ ಸ್ಪಷ್ಟವಾಗಿರಬೇಕು ಎಂದರೆ ಒಂದೇ ಫೋಟೊ ಸಾಲುವುದಿಲ್ಲ. ದೃಶ್ಯವನ್ನು ಭಾಗಭಾಗವಾಗಿ ತೆಗೆದು ಜೋಡಿಸುವ ಪದ್ಧತಿ, ಛಾಯಾಗ್ರಹಣ ಜಗತ್ತಿಗೆ ಪರಿಚಯವಾಗಿ ಹತ್ತು ವರ್ಷ ತುಂಬುವ ಮೊದಲೇ ಬಳಕೆಗೆ ಬಂತು.

1848ರ ಸೆಪ್ಟೆಂಬರಿನಲ್ಲಿ ಚಾರ್ಲ್ಸ್ ಫಾಂಟೇನ್ ಮತ್ತು ವಿಲಿಯಂ ಪೋರ್ಟರ್, ಅಮೆರಿಕದ ಒಹಾಯೊ ನದಿಯ ಒಂದು ದಡದಲ್ಲಿ ನಿಂತು ಎದುರು ದಡದ ಸಿನ್ಸಿನಾಟಿ ನಗರವನ್ನು ಎಂಟು ಡಾಗೆರೋಟೈಪ್ ಫಲಕಗಳಲ್ಲಿ ಸೆರೆಹಿಡಿದರು. ಬೆಳ್ಳಿ ಲೇಪಿಸಿದ ತಾಮ್ರದ ಫಲಕದ ಮೇಲೆ ಚಿತ್ರ ನೇರವಾಗಿ ಮೂಡುತ್ತಿತ್ತು, ನೆಗೆಟಿವ್ ಇರಲಿಲ್ಲ. ಆದ್ದರಿಂದ ಫಲಕಗಳನ್ನು ಸಾಲಾಗಿ ಇಡುವುದೇ ಜೋಡಣೆಯಾಗಿತ್ತು. ವಿವರ ಮಾತ್ರ ಅಸಾಧಾರಣ: ಈಚೆಗೆ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ದೂರದ ಗೋಪುರದ ಗಡಿಯಾರ ತೋರಿಸುತ್ತಿದ್ದ ಸಮಯವನ್ನೂ ಓದಲು ಸಾಧ್ಯವಾಯಿತು.

ಭಾರತದಲ್ಲಿ ಇದೇ ಕ್ರಮ ಶಾಸನಗಳ ದಾಖಲೆಗೆ ನೆರವಾಯಿತು. 1854ರಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದ್ದ ಸೇನಾಧಿಕಾರಿ ಲಿನೇಯಸ್ ಟ್ರೈಪ್, ಮುಂದೆ ಮದ್ರಾಸ್ ಸರ್ಕಾರದ ಛಾಯಾಗ್ರಾಹಕರಾದರು. 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಬುಡದ ಸುತ್ತಲಿನ ಶಾಸನಗಳ ಫೋಟೊ ತೆಗೆದು, 21 ಪ್ರತಿಗಳನ್ನು ಅಂಟಿಸಿ ಸುಮಾರು 19 ಅಡಿ ಉದ್ದದ ಒಂದೇ ಪಟ್ಟಿ ಮಾಡಿದರು. ನಗರದ ನೋಟಕ್ಕಾದರೆ ಕ್ಯಾಮೆರಾವನ್ನು ನಿಂತಲ್ಲೇ ತಿರುಗಿಸಬಹುದು. ಗೋಡೆಯ ಬರಹಕ್ಕೆ ಅದು ಒಗ್ಗದು. ಓರೆಯಾಗಿ ತೆಗೆದರೆ ದೂರದ ಅಕ್ಷರಗಳು ಕಿರಿದಾಗುತ್ತವೆ. ಗೋಡೆಗುಂಟ ಕ್ಯಾಮೆರಾವನ್ನೇ ಸರಿಸುತ್ತ ಹೋಗಬೇಕು.

ಕಾಗದ, ಕತ್ತರಿ, ಅಂಟಿನ ಕಾಲದಲ್ಲಿ ಕಾಡಿದ್ದು ಬೆಸುಗೆಯ ಗೆರೆ. ಒಂದು ಪ್ರತಿ ಗಾಢವಾಗಿ, ಪಕ್ಕದ್ದು ತಿಳಿಯಾಗಿ ಬಂದರೆ ಅದು ಎದ್ದು ಕಾಣುತ್ತಿತ್ತು. 1983ರಲ್ಲಿ ಪೀಟರ್ ಬರ್ಟ್ ಮತ್ತು ಎಡ್ವರ್ಡ್ ಅಡೆಲ್ಸನ್ ಕಂಪ್ಯೂಟರಿನ ಮೂಲಕ ಇದಕ್ಕೆ ಪರಿಹಾರ ತೋರಿಸಿದರು: ದೊಡ್ಡ ಛಾಯಾವ್ಯತ್ಯಾಸಗಳನ್ನು ಅಗಲವಾದ ಅಂಚಿನಲ್ಲಿ ನಿಧಾನವಾಗಿ ಬೆರೆಸುವುದು, ಸೂಕ್ಷ್ಮ ವಿವರಗಳನ್ನು ಕಿರಿದಾದ ಅಂಚಿನಲ್ಲೇ ಸೇರಿಸುವುದು. ಹೀಗೆ ಗೆರೆಯೂ ಅಳಿಯುತ್ತದೆ, ವಿವರವೂ ಮಸುಕಾಗುವುದಿಲ್ಲ. ಅಕ್ಕಪಕ್ಕದ ಚಿತ್ರಗಳಲ್ಲಿ ಸಮಾನವಾದ ಬಿಂದುಗಳನ್ನು ತಾನೇ ಹುಡುಕಿ, ಯಾವ ಚಿತ್ರ ಎಲ್ಲಿಗೆ ಸೇರಬೇಕೆಂದು ನಿರ್ಧರಿಸುವ ವಿಧಾನವನ್ನು ಮ್ಯಾಥ್ಯೂ ಬ್ರೌನ್ ಮತ್ತು ಡೇವಿಡ್ ಲೋವ್ 2003ರಲ್ಲಿ ಪ್ರಕಟಿಸಿದರು.

ಇಂಥ ವಿಧಾನಗಳು ಎಲ್ಲಿಯವರೆಗೆ ಬೆಳೆದಿವೆ ಎಂಬುದನ್ನು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 2022ರಲ್ಲಿ ತೋರಿಸಿತು. ರೆಂಬ್ರಾಂಟ್‌ನ ‘ನೈಟ್ ವಾಚ್’ ವರ್ಣಚಿತ್ರದ 8,439 ಫೋಟೊಗಳನ್ನು ಬೆಸೆದು 717 ಗಿಗಾಪಿಕ್ಸೆಲ್ ಚಿತ್ರ ಸಿದ್ಧಪಡಿಸಿತು. ಇದರಲ್ಲಿ ಎರಡು ಪಿಕ್ಸೆಲ್‌ಗಳ ನಡುವಿನ ಅಂತರ ಒಂದು ಮಿಲಿಮೀಟರಿನ 200ನೇ ಒಂದು ಭಾಗ. ಬಣ್ಣದ ಕಣಗಳೂ ಕಾಣುತ್ತವೆ. ವರ್ಣಚಿತ್ರದ ಬಿರುಕು, ಬಣ್ಣದ ಬದಲಾವಣೆಗಳನ್ನು ಮುಂದೆ ಹೋಲಿಸಿ ನೋಡಲು ಸಂರಕ್ಷಕರಿಗೆ ಈ ಚಿತ್ರವೇ ಆಧಾರ.